ಹಂಡೆಯ ಮುಂದೆ ಕುಣಿತ

"ಆ ಮೂಲೆ ಉಜ್ಜೋಕೆ ನಿಮ್ಮಪ್ಪ ಬರ್ತಾನಾ?" ಎಂದ ವಿಟ್ಲಾಕ್, ನೆಲಕ್ಕೆ ಅಂಟಿದ್ದ ಚ್ಯೂಯಿಂಗ್ ಗಮ್ಮನ್ನು ಬೂಟಿನ ತುದಿಯಿಂದ ತೋರಿಸುತ್ತ.

ಕಾಸಿಲ್ದಾ ಮಂಡಿಯೂರಿಕೊಂಡೇ ಆ ಕಡೆ ತೆವಳಿದಳು. ಅವಳಪ್ಪ ಗಡಿಯಾಚೆ, ಒಹಾಕಾದ ಬೆಟ್ಟದ ಮೇಲೆ ಮಣ್ಣಾಗಿ ಎಷ್ಟೋ ಕಾಲವಾಗಿತ್ತು. ಒಂದು ವೇಳೆ ಎದ್ದು ಬಂದಿದ್ದರೂ ಅವನು ಉಜ್ಜುತ್ತಿದ್ದುದು ಗಮ್ಮನ್ನಲ್ಲ, ಈ ಬೂಟಿನವನ ಮುಸುಡಿಯನ್ನು. ಅದನ್ನು ನೆನೆದು ಅವಳಿಗೆ ಒಳಗೊಳಗೇ ನಗು ಬಂತು. ನಕ್ಕರೆ ಅದಕ್ಕೂ ಒಂದು ಮಾತು ಕೇಳಬೇಕಲ್ಲ, ತಲೆ ತಗ್ಗಿಸಿ ಗಮ್ಮು ಕೆರೆದಳು.

ತಿಂಗಳ ಮೊದಲ ಶನಿವಾರ. ಸಂಜೆಯಾದರೆ ನಾಲ್ಕನೇ ಬೀದಿಗೆ ಊರಿಗೆ ಊರೇ ಇಳಿಯುತ್ತದೆ. ಗ್ಯಾಲರಿಗಳೆಲ್ಲ ಬಾಗಿಲು ತೆರೆದು ಚಿತ್ರ ತೋರಿಸುತ್ತವೆ, ಬೀದಿಯುದ್ದಕ್ಕೂ ಡೇರೆ ಎದ್ದು ಸಾಬೂನು, ಮೇಣದಬತ್ತಿ, ಜಾಮು ಮಾರುತ್ತವೆ. ನೋಡುವುದಕ್ಕೆ ಪುಕ್ಕಟೆ. ಈ ಜಾತ್ರೆಗೆಲ್ಲ ಒಂದು ಸಮಿತಿ, ಆ ಸಮಿತಿಗೆ ವಿಟ್ಲಾಕನೇ ಅಧ್ಯಕ್ಷ. ಅವಳು ಉಜ್ಜುತ್ತಿದ್ದ ಈ ಗ್ಯಾಲರಿಯ ಕಟ್ಟಡವೂ ಅವನದೇ. ಇದೇ ಕಟ್ಟಡದ ಮಹಡಿಯ ಮೇಲೆ ಕಾಸಿಲ್ದಾಳೂ ಅವಳ ಗೆಳತಿ ತೊಮಾಸಾಳೂ ಒಂದು ಕೋಣೆ ಹಿಡಿದು ಬಾಳಿದ್ದರು. ವಿಟ್ಲಾಕ್ ಬಂದ, ಬಾಡಿಗೆಯನ್ನು ಮೇಲೇರಿಸಿದ, ಬಾಡಿಗೆಯವರು ಕೆಳಗಿಳಿದರು. ಈಗ ಆ ಕೋಣೆಯಲ್ಲಿ ಒಂದೇ ಒಂದು ಕುರ್ಚಿ ಇದೆ. ಅದರ ಮೇಲೆ ಯಾರೂ ಕೂರುವಂತಿಲ್ಲ, ನಿಂತು ನೋಡಬೇಕಷ್ಟೆ.

ಅಷ್ಟರಲ್ಲಿ ಇಬ್ಬರು ಆಳುಗಳು ಹಜಾರದ ನಡುವಿನ ಬಿಳಿ ಜಗಲಿಯ ಮೇಲಿದ್ದ ದೊಡ್ಡ ಬಟ್ಟೆಯನ್ನು ಎಳೆದರು. ಕಾಸಿಲ್ದಾಳ ಕೈ ಅಲ್ಲೇ ನಿಂತಿತು.

ಬಟ್ಟೆಯ ಕೆಳಗೆ ಅವಳ ಗಾಡಿ ಇತ್ತು.

ಅವಳದೇ. ಸೂಪರ್ ಮಾರ್ಕೆಟ್ಟಿನ ತಳ್ಳುಗಾಡಿಯ ಮೈ, ಮುಂದೆ ಮಕ್ಕಳ ಗಾಡಿಯಿಂದ ಕಿತ್ತು ಹಾಕಿದ ಒಂದು ಚಕ್ರ, ಛತ್ರಿ ಸಿಗಿಸುವ ಕೊಳವೆ, ಒಲೆಯ ಮೇಲೆ ಕೂತ ಅಲ್ಯೂಮಿನಿಯಂ ಹಂಡೆ. ಬಸ್ಸಿನಿಂದ ಇಳಿಸುವಾಗ ಬಿದ್ದು ಹಂಡೆಯ ಹೊಟ್ಟೆ ತಗ್ಗಾಗಿದ್ದ ಜಾಗ ಕೂಡ ಹಾಗೇ ಇತ್ತು. ಮೇಲಿನಿಂದ ದೀಪ ಬಿಟ್ಟಿದ್ದರು, ಸುತ್ತ ಕೆಂಪು ಹಗ್ಗ ಕಟ್ಟಿದ್ದರು. ಪಕ್ಕದ ಫಲಕದಲ್ಲಿ 'ಅಲೆಮಾರಿ ಹಸಿವು' ಎಂದು ಬರೆದು ಕೆಳಗೆ ವಿಟ್ಲಾಕನ ಹೆಸರು ಹಾಕಿತ್ತು.

"ಇದು ನಂದು," ಎಂದಳು ಕಾಸಿಲ್ದಾ, ಎದ್ದು ನಿಂತು.

"ಏನು ನಿಂದು?"

"ಗಾಡಿ ನಂದು, ಅಂಡೆ ನಂದು. ಆ ಮುಂದ್ಗಡೆ ಚಕ್ರ ತೊಮಾಸಾನ ಮಗೀನ ಗಾಡೀದು."

ವಿಟ್ಲಾಕನಿಗೆ ಕೋಪ ಬರಲಿಲ್ಲ, ನಗು ಬಂತು. "ನೋಡಮ್ಮ, ಇದು ನಗರದವರ ಗುಜರಿ ಅಂಗಳದಲ್ಲಿ ನನಗೆ ಸಿಕ್ಕಿದ್ದು. ಹೀಗೆ ಸಿಕ್ಕ ವಸ್ತುವನ್ನೇ ತಂದಿಡೋದು ಒಂದು ದೊಡ್ಡ ಕಲೆ. ನಿನಗೆ ಅರ್ಥ ಆಗಲ್ಲ."

"ನಿಮಗೆ ಸಿಕ್ತು ಅಂದ್ರೆ ಕಳ್ಕಂಡೋರು ಒಬ್ರು ಇರ್ಬೇಕಲ್ಲ ಸಾಮಿ. ಅವ್ಳೇ ನಾನು."

"ಹಾಗಿದ್ರೆ ಹೆಮ್ಮೆ ಪಡು. ಬೀದಿಯಲ್ಲಿದ್ದಾಗ ಇದು ಕಸ. ನಾನು ಇದಕ್ಕೊಂದು ಅರ್ಥ ಕೊಟ್ಟಿದ್ದೀನಿ."

"ಅರ್ಥ ನೀವೇ ಮಡಿಕ್ಕಳಿ. ಗಾಡಿ ಕೊಡಿ ಸಾಕು."

ಅವಳು ಹಗ್ಗದಾಚೆ ಕೈ ಚಾಚಿದಳು. ವಿಟ್ಲಾಕನ ನಗು ಆರಿತು. "ಕೈ ತೆಗಿ. ಮುಟ್ಟಿದ್ರೆ ಪೊಲೀಸರನ್ನ ಕರೀತೀನಿ. ನಿನ್ನ ಕಾಗದಪತ್ರ ಎಲ್ಲ ನೆಟ್ಟಗಿದೆಯಾ? ಕೇಳಲಾ ಅವರನ್ನ?" ಕಾಸಿಲ್ದಾ ಕೈ ಹಿಂದಕ್ಕೆ ತೆಗೆದುಕೊಂಡಳು. "ಹಿಂದಿನ ಬಾಗಿಲಿಂದ ಹೋಗಿ ಆ ಗಬ್ಬು ಬಕೆಟ್ ತೊಳ್ಕೊಂಡು ಬಾ. ಮುಂದಿನ ಬಾಗಿಲು ಜನಕ್ಕೆ. ಯಾರಾದ್ರೂ ವೈನ್ ಚೆಲ್ಲಿದ್ರೆ ಒರೆಸು, ಇಲ್ಲದಿದ್ರೆ ಕಣ್ಣಿಗೆ ಬೀಳಬೇಡ."

ಕಾಸಿಲ್ದಾ ಬಕೆಟ್ಟು ಎತ್ತಿಕೊಂಡು ಹಿಂದಿನ ಬಾಗಿಲಿಂದ ಹೋದಳು.

ಗಲ್ಲಿಯಲ್ಲಿ, ಲಾಂಡ್ರಿ ಅಂಗಡಿಯ ಹಿಂದುಗಡೆ, ತೊಮಾಸಾ ಸಣ್ಣ ಗ್ಯಾಸ್ ಒಲೆ ಹೂಡಿಕೊಂಡು ಕೂತಿದ್ದಳು. ಎದುರಿಗೆ ಹಸಿ ಕಡುಬಿನ ರಾಶಿ. ನೆನೆಸಿದ ಮುಸುಕಿನ ಜೋಳದ ಸಿಪ್ಪೆಯಲ್ಲಿ ಹಿಟ್ಟು ಹಚ್ಚಿ, ನಡುವೆ ಹಸಿಮೆಣಸಿನಕಾಯಿ ಹಾಕಿದ ಕೋಳಿಪಲ್ಯ ಇಟ್ಟು, ಮಡಿಸಿ ಜೋಡಿಸಿದ್ದಳು. ಪಕ್ಕದಲ್ಲಿ ಒಂದು ಚಕ್ರ ಕಳಚಿದ ಮಕ್ಕಳ ಗಾಡಿ ಕುಂಟುತ್ತ ನಿಂತಿತ್ತು. ತಳ್ಳುಗಾಡಿ ಹೋದ ಮೇಲೆ ಇಬ್ಬರೂ ಬೆಂದ ಕಡುಬನ್ನು ಇದರಲ್ಲಿ ಮಲಗಿಸಿ, ಮೇಲೆ ಕಂಬಳಿ ಹೊದಿಸಿ, ಕದ್ದು ಮಾರುತ್ತಿದ್ದರು. ಪೊಲೀಸರು ಎದುರಾದರೆ ತೊಮಾಸಾ ಜೋ ಜೋ ಎನ್ನುತ್ತಿದ್ದಳು. ಒಮ್ಮೆ ಒಬ್ಬ ಪೊಲೀಸ್ ಬಗ್ಗಿ ನೋಡಿ, ಮಗು ಬಹಳ ಘಮಘಮ ಅನ್ನುತ್ತೆ ಅಂದಿದ್ದ.

ಗಾಡಿ ಹೋದದ್ದೂ ಇಂಥದೇ ಒಂದು ಶನಿವಾರ. ಬೀದಿ ವ್ಯಾಪಾರ ತಪಾಸಿಸುವ ನಗರದ ಇನ್‌ಸ್ಪೆಕ್ಟರು ಎಲಿಸೇಯೊ ಲಾರಿ ತಂದು ನಿಲ್ಲಿಸಿದ್ದ. ಅವನೂ ಇವರ ಪೈಕಿಯವನೇ, ಅವನಜ್ಜಿ ಇವರ ಸೀಮೆಯವಳೇ. ಆದರೂ ಅವನ ಆಳುಗಳು ಹಂಡೆ ಬೋರಲು ಹಾಕಿ, ಹೊಗೆಯಾಡುತ್ತಿದ್ದ ಕಡುಬನ್ನೆಲ್ಲ ಕಸದ ಡಬ್ಬಿಗೆ ತಳ್ಳಿ, ಯಾರೂ ಎತ್ತಿ ತಿನ್ನದ ಹಾಗೆ ಮೇಲೆ ಬ್ಲೀಚ್ ಸುರಿದಿದ್ದರು. ಎಲಿಸೇಯೊ ಅಷ್ಟು ಹೊತ್ತೂ ಜಕರಾಂಡ ಮರ ನೋಡುತ್ತ ನಿಂತಿದ್ದ. ಪರವಾನಗಿ ಬೇಕಾದರೆ ಗಾಡಿಯಲ್ಲಿ ಕೈ ತೊಳೆಯಲು, ಪಾತ್ರೆ ತೊಳೆಯಲು, ತೊಳೆದ ಪಾತ್ರೆ ಅದ್ದಲು ಬೇರೆ ಬೇರೆ ತೊಟ್ಟಿ ಇರಬೇಕು ಎಂದಿದ್ದ.

"ಅಷ್ಟು ತೊಟ್ಟಿ ಅರಮನೇಲೂ ಇರಾಕಿಲ್ಲ ಕಣ್ಲಾ," ಎಂದು ತೊಮಾಸಾ ಗಾಡಿ ಹೇರಿಕೊಂಡು ಹೊರಟ ಲಾರಿಯ ಹಿಂದೆ ಕೂಗಿದ್ದಳು.

ಈಗ ಕಾಸಿಲ್ದಾ ಹೇಳಿದ್ದನ್ನು ಕೇಳಿ ತೊಮಾಸಾಳ ಬಾಯಿಂದ ಬಂದ ಬೈಗುಳಕ್ಕೆ ಗಲ್ಲಿಯ ಬೆಕ್ಕು ಎದ್ದು ಹೋಯಿತು. "ಬೋಳಿಮಗ. ಮನೆ ಕಿತ್ಕಂಡ. ಈಗ ಗಾಡಿ ಕಿತ್ಕಂಡು ಬೊಂಬೆ ಕೂರಿಸ್ದಂಗೆ ಕೂರ್ಸವ್ನಾ? ಹಸಿವು ಅಂತ ಬೇರೆ ಎಸ್ರು. ಅವನ ಒಟ್ಟೆ ನೋಡಿದ್ರೆ ಹಸಿವು ಅನ್ನೋದು ಆ ಕಡೆ ಸುಳಿದಿರೋ ಅಂಗೇ ಕಾಣಾಕಿಲ್ಲ."

"ನಂಗೆ ಗಾಡಿ ಬೇಕು ತೊಮಾಸಾ. ಅಂಡೆ ತಳದಾಗೆ ಅವ್ವನ ನಾಣ್ಯ ಐತೆ."

"ಅದು ಇನ್ನೂ ಇದ್ದಾತಾ?"

"ಐತೆ. ಬೋರಲಾಕ್ದಾಗ ತಗ್ಗಿನ ಸಂದಿಗೆ ಸಿಕ್ಕಂಡಿತ್ತೇನೋ. ಬಟ್ಟೆ ಎಳ್ದಾಗ ಟಣ್ ಅಂತು. ನಂಗೆ ಕೇಳುಸ್ತು."

ಆ ನಾಣ್ಯ ಅವರ ದೇಶದ ಹಳೆಯ ಪೆಸೊ. ಹಂಡೆಯ ತಳದಲ್ಲಿ ನೀರಿನೊಳಗೆ ಬಿದ್ದಿರುತ್ತದೆ. ನೀರು ಕುದಿಯುವಷ್ಟು ಹೊತ್ತೂ ಗಡಗಡ ಎನ್ನುತ್ತದೆ, ನೀರು ಬತ್ತಿದರೆ ಸುಮ್ಮನಾಗುತ್ತದೆ. ಆಗ ನೀರು ಹಾಕಬೇಕು. ಕಾಸಿಲ್ದಾಳ ಅವ್ವ ಆ ಸದ್ದು ಕೇಳುತ್ತಲೇ ನಿದ್ದೆ ಮಾಡುತ್ತಿದ್ದಳು, ಸದ್ದು ನಿಂತರೆ ಎಚ್ಚರವಾಗುತ್ತಿದ್ದಳು. ಗಡಿ ದಾಟುವಾಗ ಮಗಳ ಕೈಗೆ ಅವಳು ಕೊಟ್ಟದ್ದು ಅದೊಂದೇ.

ಕಾಸಿಲ್ದಾ ಕಡುಬಿನ ರಾಶಿಯನ್ನು ಕಣ್ಣಲ್ಲೇ ಎಣಿಸಿದಳು. "ಲಾಂಡ್ರಿಯಾಗೆ ಹೊಸ ಬಕೆಟ್ ಐತಾ?"

"ಯಾಕೆ?"

"ಕಸಬರ್ಕೆ ಇಡ್ಕಂಡೋಳ ಬಕೆಟ್ನಾಗೆ ಏನೈತೆ ಅಂತ ಯಾವ ನನ್ಮಗನೂ ಇಣುಕಿ ನೋಡಾಕಿಲ್ಲ."

ತೊಮಾಸಾ ಒಲೆಯಿಂದ ಸಣ್ಣ ಸಿಲಿಂಡರು ಬಿಚ್ಚತೊಡಗಿದಳು.

ಕತ್ತಲಿಳಿಯುವ ಹೊತ್ತಿಗೆ ಗ್ಯಾಲರಿ ಗಿಜಿಗುಟ್ಟುತ್ತಿತ್ತು. ವಿಟ್ಲಾಕ್ ಹೊರಗೆ ವೇದಿಕೆಯ ಮೇಲೆ ನಿಂತು, ಈ ಬೀದಿ ಎಲ್ಲರದು, ಕಲೆಗೆ ಬಾಗಿಲಿಲ್ಲ ಎಂದು ಮೈಕಿನಲ್ಲಿ ಭಾಷಣ ಮಾಡುತ್ತಿದ್ದ. ಕಾಸಿಲ್ದಾ ಎರಡು ಬಕೆಟ್ ಹಿಡಿದು ಹಿಂದಿನ ಬಾಗಿಲಿಂದ ಬಂದಳು. ಜನ ತಮ್ಮಷ್ಟಕ್ಕೆ ತಾವೇ ದಾರಿ ಬಿಟ್ಟರು, ಯಾರೂ ಮುಖ ನೋಡಲಿಲ್ಲ. ಅವಳು ಕೆಂಪು ಹಗ್ಗ ಎತ್ತಿ ಒಳನುಗ್ಗಿದಳು. ಹಂಡೆಗೆ ನೀರು ಹೊಯ್ದಳು, ಜಾಲರಿ ಇಟ್ಟಳು, ಕಡುಬುಗಳನ್ನು ಒತ್ತೊತ್ತಾಗಿ ನಿಲ್ಲಿಸಿದಳು, ಸಿಲಿಂಡರು ಸಿಗಿಸಿ ಒಲೆ ಹಚ್ಚಿದಳು. ಕೊನೆಗೆ ಜೋಳದ ಸಿಪ್ಪೆ ಸೀಳಿ ಹಂಡೆಯ ಎರಡೂ ಹಿಡಿಗೆ ಒಂದೊಂದು ಕಟ್ಟಿದಳು. ಹಿಡಿ ಅಂದರೆ ಹಂಡೆಯ ಕಿವಿ. ಅದಕ್ಕೆ ಸಿಪ್ಪೆ ಕಟ್ಟಿದರೆ ಸುತ್ತಮುತ್ತಲಿನ ಜಗಳ, ಕೊಂಕು ಹಂಡೆಗೆ ಕೇಳಿಸುವುದಿಲ್ಲ. ಕೇಳಿಸಿತೋ, ಕಡುಬು ಬೇಯುವುದಿಲ್ಲ. ಇದು ಅವರ ಕಡೆ ಹಾಲು ಕುಡಿಯುವ ಮಗುವಿಗೂ ಗೊತ್ತು.

ಹಂಡೆಯೊಳಗೆ ನಾಣ್ಯ ಅಲುಗಿತು. ಹಜಾರ ಮೆಲ್ಲಗೆ ಸದ್ದಡಗಿ ಗಾಡಿಯ ಕಡೆ ತಿರುಗಿತು. ಜನ ಫೋನು ಹೊರಗೆ ತೆಗೆದರು. ಒಬ್ಬಳು ಎದೆಯ ಮೇಲೆ ಕೈ ಇಟ್ಟುಕೊಂಡಳು. ಒಬ್ಬ ಗಡ್ಡದವನು ಪಕ್ಕದವನಿಗೆ, ಎಷ್ಟು ಸಹಜವಾಗಿ ಮಾಡ್ತಿದ್ದಾಳೆ ನೋಡು, ಎಷ್ಟು ತಾಲೀಮು ಮಾಡಿರಬೇಕು ಎಂದ.

ವಿಟ್ಲಾಕ್ ಒಳಗೆ ಬಂದವನು ಅಲ್ಲೇ ಕಂಬವಾದ. ಅವನು ಬಾಯಿ ತೆರೆಯುವ ಮೊದಲೇ ಹ್ಯಾರಿಯೆಟ್ ಎಂಬ ಮುದುಕಿ ಅವನ ತೋಳು ಹಿಡಿದಳು. ಊರಿನ ಸಿರಿವಂತರ ಗೋಡೆಗೆಲ್ಲ ಚಿತ್ರ ಆರಿಸಿಕೊಡುವವಳು ಅವಳೇ. "ಈ ಹೆಂಗಸೂ ನಿನ್ನ ಕೃತಿಯ ಭಾಗವೇನಪ್ಪ?"

ವಿಟ್ಲಾಕ್ ಕಾಸಿಲ್ದಾಳನ್ನು ನೋಡಿದ, ಹ್ಯಾರಿಯೆಟ್ಟಳ ಕೊರಳ ಮುತ್ತಿನ ಸರ ನೋಡಿದ. "ಹೌದು," ಎಂದ. "ಭಾಗವೇ."

ಎಲ್ಲರೂ ಚಪ್ಪಾಳೆ ತಟ್ಟಿದರು. ಅವನು ಹಲ್ಲು ಬಿಟ್ಟುಕೊಂಡೇ ಜಗಲಿ ಹತ್ತಿ, ಹಂಡೆಯ ಮೇಲೆ ಬಗ್ಗಿ, ಕಾಸಿಲ್ದಾಳ ಕಿವಿಯ ಹತ್ತಿರ ಪಿಸುಗುಟ್ಟಿದ. "ಕೊಳಕು ಮುಂಡೆ. ಇವತ್ತು ಮುಗೀಲಿ, ನಿನ್ನ ಈ ದೇಶದಿಂದಲೇ ಗುಡಿಸಿ ಹಾಕಿಸ್ತೀನಿ. ಏನಿದು ಕಸ ಕಟ್ಟಿರೋದು?" ಎಂದವನೇ ಹಂಡೆಯ ಕಿವಿಗೆ ಕಟ್ಟಿದ್ದ ಸಿಪ್ಪೆಗಳನ್ನು ಕಿತ್ತು ಜೇಬಿಗೆ ತುರುಕಿಕೊಂಡ.

ಕಾಸಿಲ್ದಾಳ ಮುಖ ಕಂದಿತು. ಬೈದದ್ದಕ್ಕಲ್ಲ. ಅಂಥ ಮಾತು ದಿನವೂ ಕೇಳಿ ಅವಳ ಚರ್ಮ ದಪ್ಪವಾಗಿತ್ತು.

"ಕಿತ್ರಲ್ಲ ಸಾಮಿ," ಎಂದಳು ಮೆಲ್ಲಗೆ. "ಅಂಡೆ ಕೇಳಿಸ್ಕಂಬುಡ್ತು."

ಅವಳು ಅಂದದ್ದೇ ಆಯಿತು. ಹಬೆ ಎದ್ದಿತು, ಮೆಣಸಿನಕಾಯಿಯ ಘಮಲು ಗೋಡೆಗಳಿಗೆ ಹತ್ತಿತು, ನಾಣ್ಯ ಬಿಡದೆ ಗಡಗಡ ಎಂದಿತು, ಜನ ಕಾಗದದ ತಟ್ಟೆ ಹಿಡಿದು ಸಾಲು ನಿಂತರು. ಎಷ್ಟು ಹೊತ್ತಾದರೂ ಕಡುಬು ಬೇಯಲಿಲ್ಲ. ಕಾಸಿಲ್ದಾ ಒಂದನ್ನು ಬಿಚ್ಚಿದರೆ ಹಿಟ್ಟು ಬೆಳ್ಳಗೆ ಸಿಪ್ಪೆಗೇ ಅಂಟಿಕೊಂಡಿತ್ತು. ಮತ್ತೆ ಮುಚ್ಚಿದಳು. ಮತ್ತೆ ಬಿಚ್ಚಿದಳು, ಅದೇ ಕತೆ. ಸಾಲಿನಲ್ಲಿದ್ದವರು ಕಾಯುವುದೂ ಕಲೆಯೇ ಇರಬೇಕು ಎಂದುಕೊಂಡು ಕದಲಲಿಲ್ಲ.

ಆಗ ಬಾಗಿಲಲ್ಲಿ ಎಲಿಸೇಯೊ ಕಾಣಿಸಿಕೊಂಡ. ಬೀದಿಯಲ್ಲಿ ಪರವಾನಗಿ ಪಡೆದು, ಊಟದ ವ್ಯಾನು ನಿಲ್ಲಿಸಿಕೊಂಡು, ಬೆಣ್ಣೆಹಣ್ಣಿನ ನೊರೆ ಹಾಕಿದ ಕಡುಬು ಮಾರುವ ಹುಡುಗರು ಅವನಿಗೆ ದೂರು ಕೊಟ್ಟಿದ್ದರು. ಎದೆಯ ಮೇಲೆ ಬಿಲ್ಲೆ, ಕಾಲಲ್ಲಿ ದಪ್ಪ ಬೂಟು. ಅವನ ಹಿಂದೆಯೇ ತೊಮಾಸಾ ಬಂದು ನಿಂತಳು, ಅವಳ ಪಕ್ಕದಲ್ಲಿ ಐಸ್‌ಕ್ಯಾಂಡಿ ಮಾರುವ ಒದಿಲೋನ್. ಅವನ ಗಾಡಿ ಗಲ್ಲಿಯಲ್ಲೇ ಇತ್ತು, ಗಾಡಿಯ ಗಂಟೆಸರ ಮಾತ್ರ ಕೈಯಲ್ಲಿತ್ತು. ಅದನ್ನು ಬಿಟ್ಟು ಅವನು ಎಲ್ಲಿಗೂ ಹೋಗುವುದಿಲ್ಲ, ಯಾರಾದರೂ ಕದಿಯುತ್ತಾರೆ ಎಂಬ ಭಯ.

"ಪರವಾನಗಿ?" ಎಂದ ಎಲಿಸೇಯೊ, ಕಾಸಿಲ್ದಾಳ ಮುಖ ಬಿಟ್ಟು ಉಳಿದೆಲ್ಲ ಕಡೆ ನೋಡುತ್ತ.

"ನಾನೇನು ಮಾರ್ತಿಲ್ಲ ಕಣಪ್ಪ. ಪುಕ್ಕಟೆ. ಮತ್ತೆ ನಾನೀಗ ಕಡುಬಿನೋಳಲ್ಲ, ಕಲೆ. ಬೇಕಾದ್ರೆ ಸಾಮೀನ ಕೇಳು."

ಎಲ್ಲರೂ ವಿಟ್ಲಾಕನನ್ನು ನೋಡಿದರು. ಹ್ಯಾರಿಯೆಟ್ ಹುಬ್ಬೇರಿಸಿದಳು.

"ಹೌದು," ಎಂದ ವಿಟ್ಲಾಕ್. "ಇದು ಕಲೆ."

"ಹಾಗಿದ್ರೆ ನನ್ನ ಇಲಾಖೆಗೆ ಬರಲ್ಲ," ಎಂದ ಎಲಿಸೇಯೊ. ಹೋಗಬಹುದಿತ್ತು, ಹೋಗಲಿಲ್ಲ. ಅವನ ಮೂಗು ಅವನನ್ನು ಜಗಲಿಯ ತನಕ ಎಳೆದುಕೊಂಡು ಬಂತು. ಮುಚ್ಚಳ ಎತ್ತಿ ಒಂದು ಕಡುಬನ್ನು ಬೆರಳಿಂದ ಒತ್ತಿ ನೋಡಿದ. "ಇನ್ನೂ ಹಸಿ."

"ಎಂಗೆ ಬೆಂದಾತು? ಈವಯ್ಯ ಅಂಡೆ ಮುಂದೆ ನಿಂತ್ಕಂಡು ಮುಂಡೆ ಗಿಂಡೆ ಅಂದ. ಕಿವಿಗೆ ಕಟ್ಟಿದ್ದ ಸಿಪ್ಪೇನೂ ಕಿತ್ತ."

ಎಲಿಸೇಯೊನ ಮುಖ ಗಂಭೀರವಾಯಿತು. ಆ ಸಂಜೆಯಲ್ಲಿ ಮೊದಲ ಬಾರಿಗೆ ಅವನಿಗೆ ನಿಜವಾದ ಅಪರಾಧವೊಂದು ಸಿಕ್ಕಿದಂತಿತ್ತು.

"ಕಿವೀದು ಕಿತ್ತರಾ ಸಾರ್?"

"ಏನು ಕಿವಿ? ಯಾವ ಕಿವಿ?"

"ಕಿತ್ತಿದ್ರೆ ಕುಣೀಬೇಕು ಸಾರ್. ಬೇರೆ ದಾರಿ ಇಲ್ಲ. ಹಂಡೆ ಮುಂದೆ ಸಿಟ್ಟು ಮಾಡಿದೋರು ಹಂಡೆ ಮುಂದೇನೇ ಕುಣೀಬೇಕು. ನಾನು ತಂಗೀಗೆ ಹೊಡೆದಾಗ ನಮ್ಮಜ್ಜಿ ನನ್ನ ಕುಣಿಸಿದ್ಲು. ಊರವರೆಲ್ಲ ನೋಡಿದ್ರು."

ಗಡ್ಡದವನು ಚಪ್ಪಾಳೆ ಶುರು ಮಾಡಿದ. ಸಾಲಿಗೆ ಸಾಲೇ ತಾಳ ಹಾಕಿತು. ಒದಿಲೋನ್ ಗಂಟೆಸರ ಅಲ್ಲಾಡಿಸಿದ. ಹಸಿದ ಜನ, ಉಪಾಯವಿಲ್ಲ. ವಿಟ್ಲಾಕ್ ಬಾಗಿಲ ಕಡೆ ನೋಡಿದ, ಬಾಗಿಲ ತುಂಬ ಫೋನುಗಳು. ಹ್ಯಾರಿಯೆಟ್, "ಕುಣಿಯಪ್ಪ, ನಿನ್ನ ಕೃತಿ ತಾನೆ," ಎಂದಳು.

ವಿಟ್ಲಾಕ್ ಕುಣಿದ. ಮೊದಲು ಬೂಟಿನೊಳಗೆ ಇರುವೆ ಹೊಕ್ಕವನ ಹಾಗೆ ಒಂದು ಕಾಲು ಎತ್ತಿದ, ಆಮೇಲೆ ಇನ್ನೊಂದು.

"ಅಂಗಲ್ಲ ಸಾಮಿ," ಎಂದಳು ಕಾಸಿಲ್ದಾ. "ಸೊಂಟ ಅಲ್ಲಾಡ್ಬೇಕು. ಮನಸಿಟ್ಟು ಮಾಡಿ, ಅಂಡೆಗೆ ಗೊತ್ತಾಯ್ತದೆ."

"ಬಾಡಿಗೆ ಏರಿಸ್ದಾಗ ಇದ್ದ ಉಮೇದು ಈಗೆಲ್ಲೋಯ್ತಲಾ?" ಎಂದು ತೊಮಾಸಾ ಹಿಂದಿನಿಂದ ಕೂಗಿದಳು.

ವಿಟ್ಲಾಕನ ಸೊಂಟ ಅಲ್ಲಾಡಿತು. ಕೆಂಪಗಾಗಿದ್ದ ಮುಖದಿಂದ ಬೆವರು ಉದುರಿತು. ಕಾಸಿಲ್ದಾ ಸೌಟಿನಿಂದ ಗಾಡಿಗೆ ತಟ್ಟುತ್ತ ತಾಳ ಹಿಡಿದಳು. ಅವಳಿಗೆ ಎಷ್ಟು ಸಂತೋಷವಾಯಿತೆಂದರೆ ಕಣ್ಣಲ್ಲಿ ನೀರು ಬಂತು. ಅವ್ವ ಇದನ್ನು ನೋಡಬೇಕಿತ್ತು ಅನ್ನಿಸಿತು. ನೋಡಿದ್ದರೆ ಬಿದ್ದು ಬಿದ್ದು ನಗುತ್ತಿದ್ದಳು.

ಆಮೇಲೆ ಅವಳು ಸೌಟನ್ನು ಎಲಿಸೇಯೊನ ಕಡೆ ತಿರುಗಿಸಿದಳು. "ನೀನೂ ಬಾ. ಇದೇ ಅಂಡೆ ಬೋರಲಾಕ್ಸಿ ಬ್ಲೀಚ್ ಸುರಿಸ್ದೋನು ನೀನೇ ಅಲ್ವಾ? ಮರ ನೋಡ್ಕಂಡು ನಿಂತಿದ್ದೆ. ಅಂಡೆ ನಿನ್ನ ಮರೆತಿಲ್ಲ."

ಎಲಿಸೇಯೊ ಬಿಲ್ಲೆ ಬಿಚ್ಚಿ ಜೇಬಿಗೆ ಹಾಕಿಕೊಂಡ, ಹಂಡೆಯ ಮುಂದೆ ಬಂದ. ಅವನು ಚೆನ್ನಾಗಿ ಕುಣಿದ. ಅಜ್ಜಿ ಬಹಳ ಸಲ ಕುಣಿಸಿರಬೇಕು.

ಕಾಸಿಲ್ದಾ ಮುಚ್ಚಳ ಎತ್ತಿದಳು. ಈ ಸಲ ಸಿಪ್ಪೆ ನಯವಾಗಿ ಬಿಟ್ಟುಕೊಂಡಿತು, ಕಡುಬು ಮಿರಿಮಿರಿ ಎಂದಿತು. ಮೊದಲನೆಯದನ್ನು ಹ್ಯಾರಿಯೆಟ್ಟಳ ತಟ್ಟೆಗೆ ಹಾಕಿದಳು. ಜನ ಮುತ್ತಿಕೊಂಡರು. ಬಾಯಿ ಸುಟ್ಟುಕೊಂಡು, ಬೆರಳು ನೆಕ್ಕಿಕೊಂಡು, ಗೋಡೆಯ ಚಿತ್ರಗಳಿಗೆ ಬೆನ್ನು ಹಾಕಿ ತಿಂದರು.

ಎಲ್ಲರ ಬಾಯಿಯೂ ತುಂಬಿದ್ದ ಆ ಹೊತ್ತಿನಲ್ಲೇ ಕಾಸಿಲ್ದಾ ಚಕ್ರಕ್ಕೆ ಅಡ್ಡ ಕೊಟ್ಟಿದ್ದ ಮರದ ತುಂಡು ತೆಗೆದಳು. ಗಾಡಿ ಹತ್ತಿಸಲು ತಂದಿದ್ದ ಹಲಗೆ ಜಗಲಿಯ ಹಿಂದೆಯೇ ಬಿದ್ದಿತ್ತು, ತೊಮಾಸಾ ಅದನ್ನು ಆನಿಸಿದಳು. ಗಾಡಿ ಕಿರ್ರೆನ್ನುತ್ತ ಇಳಿಯಿತು. ಕಾಸಿಲ್ದಾ ಮುಂದಿನ ಬಾಗಿಲ ಕಡೆ ತಳ್ಳಿದಳು.

ವಿಟ್ಲಾಕನಿಗೆ ಆಗ ಅರ್ಥವಾಯಿತು. ಏದುಸಿರು ಬಿಡುತ್ತಿದ್ದವನು ಎದೆ ತುಂಬ ಗಾಳಿ ಎಳೆದುಕೊಂಡು ಬಾಯಿ ತೆರೆದ.

"ಶ್," ಎಂದಳು ಹ್ಯಾರಿಯೆಟ್, ತುಟಿಯ ಮೇಲೆ ಬೆರಳಿಟ್ಟು. "ಸಿಟ್ಟಾಗಬೇಡಪ್ಪ. ಅಡಿಯಲ್ಲಿರೋದು ಇನ್ನೂ ಬೆಂದಿಲ್ಲ."

"ಶ್," ಎಂದ ಗಡ್ಡದವನು. ಹಜಾರಕ್ಕೆ ಹಜಾರವೇ ಶ್ ಎಂದಿತು. ವಿಟ್ಲಾಕನ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ಬಾಗಿಲು ಕಾಯುವವನು ಬಾಗಿಲನ್ನು ಪೂರಾ ತೆರೆದು ಹಿಡಿದ. ಅವನ ಇನ್ನೊಂದು ಕೈಯಲ್ಲೂ ಕಡುಬಿತ್ತು.

ಹೊರಗೆ ಡೇರೆಗಳ ಸಾಲು, ಬಣ್ಣದ ದೀಪ, ಜನವೋ ಜನ. ತೊಮಾಸಾ ಅಭ್ಯಾಸಬಲದಿಂದ ಗಲ್ಲಿಯ ಕಡೆ ತಿರುಗಿದಳು. ಕಾಸಿಲ್ದಾ ತಿರುಗಲಿಲ್ಲ. ನಾಲ್ಕನೇ ಬೀದಿಯ ನಟ್ಟನಡುವೆ, ವಿಟ್ಲಾಕ್ ಭಾಷಣ ಮಾಡಿದ ವೇದಿಕೆಯ ಎದುರಿಗೇ ಗಾಡಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಟ್ಟಳು. ಒದಿಲೋನ್ ತನ್ನ ಗಂಟೆಸರವನ್ನು ಯಾರೂ ಕೇಳದೆಯೇ ಅವಳ ಗಾಡಿಗೆ ಕಟ್ಟಿದ.

ಎಲಿಸೇಯೊ ಹಿಂದೆಯೇ ಬಂದಿದ್ದ. ಬಿಲ್ಲೆ ಮತ್ತೆ ಎದೆಯ ಮೇಲಿತ್ತು. "ಕಾಸಿಲ್ದಕ್ಕ, ಇಲ್ಲಿ ನಿಂತ್ರೆ ನೀನು ಕಲೆ ಅಲ್ಲ," ಎಂದ ತಗ್ಗಿದ ದನಿಯಲ್ಲಿ. "ಇವತ್ತು ನಾನು ನೋಡಿಲ್ಲ ಅನ್ಕೋತೀನಿ. ಮುಂದಿನ ತಿಂಗಳು ವಿಟ್ಲಾಕನೇ ನಿಂತು ನನ್ನ ಕಳಿಸ್ತಾನೆ. ಬರಲೇಬೇಕಾಗುತ್ತೆ. ಲಾರಿ ತರಬೇಕಾಗುತ್ತೆ."

ಕಾಸಿಲ್ದಾ ಹೊಸ ಸಿಪ್ಪೆ ಸೀಳಿ ಹಂಡೆಯ ಎರಡು ಕಿವಿಗೂ ಕಟ್ಟುತ್ತಿದ್ದಳು. ಈ ಸಲ ಎರಡೆರಡು ಗಂಟು ಹಾಕಿದಳು. ಆಮೇಲೆ ಒಂದು ಬಿಸಿ ಕಡುಬು ತೆಗೆದು ಅವನ ಕೈಯಲ್ಲಿಟ್ಟಳು.

"ಬಾ," ಎಂದಳು. "ಆವಯ್ಯನ್ನೂ ಕರ್ಕಂಡು ಬಾ. ಇಬ್ರೂ ಅಗುರಾಗಿರೋ ಬೂಟು ಆಕ್ಕಂಡು ಬನ್ನಿ."

ಅವನು ಕಡುಬು ಹಿಡಿದು ಅಲ್ಲೇ ನಿಂತ. ಕಾಸಿಲ್ದಾ ಅವನನ್ನು ದಾಟಿ ಬೀದಿಯನ್ನು ನೋಡಿ, ಇಷ್ಟು ದಿನ ಕಂಬಳಿಯ ಕೆಳಗೆ ಅಡಗಿಸಿಟ್ಟಿದ್ದ ದನಿ ತೆಗೆದು, ಕಡುಬು, ಬಿಸಿ ಕಡುಬು ಎಂದು ಕೂಗಿದಳು. ಹಂಡೆಯೊಳಗೆ ನಾಣ್ಯ ಕುಣಿಯುತ್ತಲೇ ಇತ್ತು.